ಹಂಚಿನ ಮನೆಯ ಚಾವಡಿಗೆ ಏಳಡಿಯ ಫ್ಯಾನು

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಳೇ ಹಂಚಿನ ಮನೆ. ಚಾವಡಿ 30 ಅಡಿ ಉದ್ದ, 18 ಅಡಿ ಅಗಲ. ನಡುವಿನ ತೊಲೆ ನೆಲದಿಂದ 14 ಅಡಿ ಎತ್ತರದಲ್ಲಿದೆ. ಅದರಲ್ಲಿ ಎರಡು ಸಾಮಾನ್ಯ ಫ್ಯಾನು ಗರಗರ ತಿರುಗುತ್ತಿದ್ದವು, ಕೆಳಗೆ ಕೂತವರು ಪೇಪರು ಮಡಚಿ ಬೀಸಿಕೊಳ್ಳುತ್ತಿದ್ದರು. ಪೂಜೆ, ತಾಳಮದ್ದಳೆ ಅಂತ ಜನ ಸೇರಿದರೆ ಕೇಳುವುದೇ ಬೇಡ.

ಏಸಿ ಹಾಕಿಸಿ ಅಂದವರೂ ಇದ್ದಾರೆ. ಹಂಚಿನ ಸಂದಿಯಲ್ಲಿ ಆಕಾಶ ಕಾಣುವ ಮನೆಗೆ ಏಸಿ! ನಮ್ಮ ಕಡೆ ಎಪ್ರಿಲ್, ಮೇಯಲ್ಲಿ ಬಿಸಿಲಿಗಿಂತ ಬೆವರಿನ ಕಾಟವೇ ಜಾಸ್ತಿ. ಫ್ಯಾನು ಗಾಳಿಯನ್ನೇನೂ ತಂಪು ಮಾಡುವುದಿಲ್ಲ, ಮೈಮೇಲಿನ ಬೆವರು ಆರಿಸುತ್ತದೆ ಅಷ್ಟೆ. ಅದಕ್ಕೆ ಗಾಳಿ ಮೈಗೆ ತಾಗಬೇಕು, ಅಲ್ವಾ?

ಮನೆಗಳಲ್ಲಿ ಇರುವುದು ಹೆಚ್ಚಾಗಿ 48 ಇಂಚಿನ ಫ್ಯಾನು, ಅಂದರೆ ನಾಲ್ಕಡಿ. ನಾನು ತಂದದ್ದು 84 ಇಂಚಿನದ್ದು, ಏಳಡಿ. ಅಡಿ ಲೆಕ್ಕದಲ್ಲಿ ದುಪ್ಪಟ್ಟೂ ಇಲ್ಲ. ಆದರೆ ರೆಕ್ಕೆ ಸುತ್ತುವ ಜಾಗ ಮೂರು ಪಟ್ಟು ಆಗುತ್ತದೆ. ಹಾಗಾಗಿ ನಿಧಾನಕ್ಕೆ ತಿರುಗಿದರೂ ಗಾಳಿ ಅಗಲಕ್ಕೆ ಇಳಿಯುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ರೆಕ್ಕೆ ತಿರುಗಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಸಾಕು. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟಾರಿನದ್ದನ್ನೇ ಆರಿಸಿದೆ. ಗೋಡೆಯ ಹಳೇ ರೆಗ್ಯುಲೇಟರು ಇದಕ್ಕೆ ಆಗುವುದಿಲ್ಲ. ಅದನ್ನು ತೆಗೆಸಿ ನೇರ ಲೈನು ಕೊಡಬೇಕು.

ಕಷ್ಟ ಇದ್ದದ್ದು ನೇತುಹಾಕುವುದರಲ್ಲಿ. ಆರ್‌ಸಿಸಿ ಮನೆಯಾದರೆ ಸ್ಲ್ಯಾಬಿನಲ್ಲಿ ಹುಕ್ಕು ಇರುತ್ತದೆ. ನಮಗೆ ಇರುವುದು ಮರ. ಪಕ್ಕಾಸಿಗೆ ಹಾಕುವ ಮಾತೇ ಇಲ್ಲ, ಅದು ಹಂಚು ಹೊರಲು ಇರುವುದು. ತೊಲೆಯನ್ನು ಉಳಿಯಿಂದ ಅಲ್ಲಲ್ಲಿ ಕುತ್ತಿ, ಗೆದ್ದಲು ಇಲ್ಲ ಅಂತ ನೋಡಿಕೊಂಡೆವು. ಆಮೇಲೆ ಮೇಲಿಂದ ಕೆಳಗೆ ತೂತು ಕೊರೆದು, ಉದ್ದದ ಬೋಲ್ಟು ಹಾಕಿ, ಮೇಲೆ ಕಬ್ಬಿಣದ ಪ್ಲೇಟು ಕೊಟ್ಟು ನಟ್ಟು ಬಿಗಿದದ್ದು. ಸ್ಕ್ರೂ ನಂಬುವ ಕೆಲಸ ಅಲ್ಲ ಇದು. ಜೊತೆಗೆ ಒಂದು ಉಕ್ಕಿನ ಹಗ್ಗವನ್ನು ಮೋಟಾರಿನಿಂದ ತೊಲೆಗೆ ಬೇರೆಯೇ ಸುತ್ತಿಸಿದೆ.

ರಾಡು ನಾಲ್ಕಡಿಯದ್ದು. ರೆಕ್ಕೆ ಈಗ ನೆಲದಿಂದ ಒಂಬತ್ತೂವರೆ ಅಡಿ ಮೇಲಿದೆ. ಕೈಗೆ ಎಟುಕುವಷ್ಟು ಕೆಳಗೆ ಬರಲೇಬಾರದು, ಹಬ್ಬದ ದಿನ ತೋರಣ ಕಟ್ಟಲು ಕೈ ಎತ್ತುವವರು ಇರುತ್ತಾರೆ. ಆದರೆ ತಲೆಗೆ ತಾಗೀತು ಅಂತ ಹೆದರಿ ಮಾಡಿಗೆ ಅಂಟಿಸಿಟ್ಟರೆ ದೊಡ್ಡ ಫ್ಯಾನಿಗೆ ಕೊಟ್ಟ ದುಡ್ಡು ದಂಡ. ನನ್ನ ಪ್ರಕಾರ ಫ್ಯಾನಿನ ಗಾತ್ರದಷ್ಟೇ ಮುಖ್ಯ ಈ ರಾಡಿನ ಉದ್ದ.

ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಹುಡುಗ ಕೇಳಿದ: “ಅಣ್ಣ, ಈ ಗಾಜಿನ ಹಂಚು ಹೀಗೇ ಇರಲಿಯಾ?”

ಬೆಳಕಿಗೆ ಅಂತ ಅಜ್ಜ ಇಡಿಸಿದ ಗಾಜಿನ ಹಂಚು. ಮಧ್ಯಾಹ್ನ ಅದರಿಂದ ಬಿಸಿಲಿನ ಒಂದು ಚೌಕ ಚಾವಡಿಯ ನಡುವಿಗೇ ಬೀಳುತ್ತದೆ. ಕೆಳಗೆ ದೊಡ್ಡ ರೆಕ್ಕೆ ನಿಧಾನ ತಿರುಗಿದರೆ ಆ ಬೆಳಕು ಕಪ್ಪು, ಬಿಳಿ, ಕಪ್ಪು, ಬಿಳಿ ಅಂತ ಹೊಡೆಯುತ್ತಾ ಇರುತ್ತದೆ. ಪುಸ್ತಕ ಹಿಡಿದವರ ಗತಿ ಏನು? ಆ ಹಂಚನ್ನು ಗೋಡೆಯ ಬದಿಗೆ ಬದಲಿಸಿದೆವು. ರೆಕ್ಕೆಗಿಂತ ಮೇಲಿದ್ದ ಟ್ಯೂಬ್‌ಲೈಟನ್ನೂ ಕೆಳಗೆ ಇಳಿಸಿದೆವು.

ತಿರುಗಿಸಿದಾಗ ಸ್ವಲ್ಪ ಓಲಾಟ ಇತ್ತು. ಉದ್ದ ಕೋಲು ನಿಲ್ಲಿಸಿ ಒಂದೊಂದೇ ರೆಕ್ಕೆಯ ತುದಿ ಅಳೆದೆವು, ಒಂದು ಎತ್ತರಕ್ಕಿತ್ತು. ಸ್ಕ್ರೂ ಸಡಿಲಿಸಿ ಕೂರಿಸಿದ ಮೇಲೆ ಸರಿಯಾಯಿತು.

ಈಗ ತಾಳಮದ್ದಳೆಯ ಅರ್ಥಧಾರಿಗಳ ಮಾತಿಗೆ ಫ್ಯಾನಿನ ಸದ್ದು ಅಡ್ಡ ಬರುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯೂ ಅದರ ಅಡಿಯಲ್ಲೇ ಆರುತ್ತದೆ. ದೀಪ ಮಾತ್ರ ನಿಲ್ಲುವುದಿಲ್ಲ, ಪೂಜೆಯ ಹೊತ್ತಿಗೆ ಫ್ಯಾನು ಆಫ್ ಮಾಡಲೇಬೇಕು.

ಇನ್ನೊಂದು ವಿಷಯ. ರಿಮೋಟಿನಲ್ಲಿ ಆಫ್ ಮಾಡಿದರೂ ಒಳಗಿನ ಬೋರ್ಡಿಗೆ ಕರೆಂಟು ಹೋಗುತ್ತಲೇ ಇರುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿಗೆ ಆ ಬೋರ್ಡು ಸುಟ್ಟುಹೋಗಬಹುದು. ಅದಕ್ಕೆ ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಸ್ವಿಚ್ಚನ್ನು ಬೇರೆಯೇ ಹಾಕಿಸಿದ್ದೇನೆ. ಮೋಡ ಕಪ್ಪಾದರೆ ಮನೆಯಲ್ಲಿ ಯಾರಾದರೊಬ್ಬರು ಅದನ್ನು ಇಳಿಸಿಬಿಡುತ್ತಾರೆ.