ಆರೂ ನಲವತ್ತರ ಬಸ್ಸು ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆ

ಉಡುಪಿ ಜಿಲ್ಲೆಯ ಶಾಸಕರೊಬ್ಬರ ಬಳಿ ನಾನು ಕೆಲವು ವರ್ಷ ಆಪ್ತ ಸಹಾಯಕನಾಗಿದ್ದೆ. ಮದುವೆ, ಬ್ರಹ್ಮಕಲಶ, ನೇಮೋತ್ಸವಗಳ ಆಮಂತ್ರಣ ಪತ್ರಿಕೆಗಳನ್ನು ದಿನಾಂಕದ ಪ್ರಕಾರ ಜೋಡಿಸಿಡುವುದು, ವರ್ಗಾವಣೆಯ ಶಿಫಾರಸು ಪತ್ರ ಟೈಪ್ ಮಾಡುವುದು, ಬೆಳಿಗ್ಗೆ ಏಳಕ್ಕೇ ಅಂಗಳದಲ್ಲಿ ನಿಂತವರನ್ನು ಕುಳ್ಳಿರಿಸಿ ಚಹಾ ಕೊಡಿಸುವುದು, ಇದೇ ನನ್ನ ದಿನಚರಿ. ಇದರ ನಡುವೆ ವರ್ಷಕ್ಕೆ ಎರಡು ಮೂರು ಸಲ ಇನ್ನೊಂದು ಕೆಲಸ ಬರುತ್ತಿತ್ತು. ವಿಧಾನಸಭೆಯ ಅಧಿವೇಶನಕ್ಕೆ ಪ್ರಶ್ನೆ ಬರೆಯುವುದು. ಸದನದಲ್ಲಿ ಶಾಸಕರು ಎದ್ದು ನಿಂತು ಕೇಳುವ ಪ್ರಶ್ನೆಯನ್ನು ಎಷ್ಟೋ ಸಲ ನನ್ನಂಥವನೊಬ್ಬ ವಾರಗಟ್ಟಲೆ ಮೊದಲೇ ಬರೆದು ಕಳುಹಿಸಿರುತ್ತಾನೆ. ಇದರಲ್ಲಿ ಗುಟ್ಟೇನೂ ಇಲ್ಲ.

ಬಸ್ಸಿನ ಬಗ್ಗೆ ನಾನು ಬರೆದ ಮೊದಲ ಪ್ರಶ್ನೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ‘(ಅ) ಉಡುಪಿ ಜಿಲ್ಲೆಯ ಗ್ರಾಮೀಣ ಪ್ರದೇಶಗಳಲ್ಲಿ ಬಸ್ಸುಗಳ ಕೊರತೆಯಿಂದ ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಹಳೆಯ ಪ್ರಶ್ನೆಗಳ ಕಟ್ಟು ನೋಡಿ ಅದೇ ಅಚ್ಚಿನಲ್ಲಿ ಹೊಯ್ದಿದ್ದೆ. ಉತ್ತರ ಬಂತು. ಹಾಳೆಯ ಎಡಗಡೆ ನನ್ನ ಪ್ರಶ್ನೆ, ಬಲಗಡೆ ಉತ್ತರ. (ಅ)ಕ್ಕೆ ಎದುರಾಗಿ ‘ಬಂದಿದೆ’ ಎಂಬ ಒಂದೇ ಪದ. (ಆ)ಕ್ಕೆ ಎದುರಾಗಿ, ಜನದಟ್ಟಣೆ ಹಾಗೂ ಬಸ್ಸು, ಸಿಬ್ಬಂದಿಯ ಲಭ್ಯತೆ ನೋಡಿಕೊಂಡು ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು ಎಂಬ ನಾಲ್ಕು ಸಾಲು. ಶಾಸಕರು ಓದಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ‘ಇದನ್ನು ಊರಿನಲ್ಲಿ ಯಾರಿಗೆ ತೋರಿಸಲಿ ಮಾರಾಯ?’ ಎಂದರು.

ತಪ್ಪು ಉತ್ತರ ಬರೆದವರದ್ದಲ್ಲ. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದವನಿಗೆ ‘ಬಂದಿದೆ’ ಎನ್ನದೆ ಇನ್ನೇನು ಹೇಳಬೇಕು?

ಅದಾದ ಮೇಲೆ ‘ಗಮನ’ ಎಂಬ ಪದವನ್ನೇ ನಾನು ಪ್ರಶ್ನೆಗಳಿಂದ ಕಿತ್ತುಹಾಕಿದೆ. ಇನ್ನೊಂದು ಪಾಠವನ್ನೂ ಕಲಿತೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು, ಮರುದಿನ ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರೇ ಲಿಖಿತ ಉತ್ತರ. 224 ಶಾಸಕರಿಗೂ ಚುಕ್ಕೆಯೇ ಬೇಕು. ನನಗೆ ಮಾತ್ರ ಚುಕ್ಕೆ ಇಲ್ಲದ್ದರ ಮೇಲೆ ಪ್ರೀತಿ ಹುಟ್ಟಿತು, ಏಕೆಂದರೆ ಅದಕ್ಕೆ ‘ಅನುಬಂಧ’ ಬರುತ್ತದೆ. ಪಟ್ಟಿ ಕೊಡಿ ಎಂದು ಕೇಳಿದರೆ ಪಟ್ಟಿ ಕೊಡಲೇಬೇಕು. ಭಾಷಣಕ್ಕೆ ಭಾಷಣದಿಂದ ಉತ್ತರ ಕೊಡಬಹುದು. ಪಟ್ಟಿಯಲ್ಲಿ ಬಸ್ಸು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ನಮ್ಮ ಕರಾವಳಿಯ ಬಸ್ಸಿನ ಕತೆ ಘಟ್ಟದ ಮೇಲಿನವರಿಗೆ ಬೇಗ ಅರ್ಥವಾಗುವುದಿಲ್ಲ. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ಸಾರಿಗೆ ಇಲಾಖೆ ಕಟ್ಟಿ ಬಸ್ ಓಡಿಸತೊಡಗಿದಾಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1956ರಲ್ಲಿ ರಾಜ್ಯಕ್ಕೆ ಸೇರುವಷ್ಟರಲ್ಲಿ ಇಲ್ಲಿನ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳು ಬೇರುಬಿಟ್ಟಿದ್ದವು. ಇಂದಿಗೂ ಮಂಗಳೂರಿನ ಬಸ್ ನಿಲ್ದಾಣವಾದ ಸ್ಟೇಟ್ ಬ್ಯಾಂಕ್‌ನಲ್ಲೋ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲೋ ನಿಂತರೆ ‘ರೈಟ್ ಪೋಯಿ’ ಎಂದು ಬಾಗಿಲು ಬಡಿಯುವ ಕಂಡಕ್ಟರ್‌ನದ್ದೇ ರಾಜ್ಯ. ಸರ್ಕಾರದ ಬಸ್ಸನ್ನು ಉಡುಪಿಯವರು ಈಗಲೂ ‘ನರ್ಮ್ ಬಸ್’ ಎನ್ನುತ್ತಾರೆ, ಆ ಹೆಸರಿಗೆ ಕಾರಣವಾದ ಕೇಂದ್ರದ ನಗರ ನವೀಕರಣ ಯೋಜನೆ (ನರ್ಮ್) ಎಂದೋ ಮುಗಿದು ಹೋಗಿದ್ದರೂ. ಖಾಸಗಿ ಬಸ್ಸುಗಳನ್ನು ನಾನು ದೂರುವವನಲ್ಲ. ನಮ್ಮ ತಾಯಂದಿರು ಹೆರಿಗೆಗೆ ಹೋದದ್ದೂ ಅವುಗಳಲ್ಲೇ, ನಾವು ಕಾಲೇಜಿಗೆ ನೇತಾಡಿಕೊಂಡು ಹೋದದ್ದೂ ಅವುಗಳಲ್ಲೇ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆ ಮಳೆಗಾಲದಲ್ಲಿ ಒಂದು ಶನಿವಾರ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಅಕ್ಕನೊಬ್ಬರು ಕಚೇರಿಗೆ ಬಂದರು. ಬೀಜದ ಎಣ್ಣೆ ತಾಗಿ ಬೆರಳ ತುದಿಗಳು ಕಪ್ಪಾಗಿ ಸಿಪ್ಪೆ ಎದ್ದಿದ್ದವು. ಅರ್ಜಿಯ ಮೂಲೆಯಲ್ಲೂ ಅದರ ಗುರುತಿತ್ತು. ಅರ್ಜಿಯಲ್ಲಿ ಬರೆದದ್ದು ಅಷ್ಟಕ್ಕಷ್ಟೇ. ಬಾಯಲ್ಲಿ ಹೇಳಿದ್ದು ಮಾತ್ರ ನೆಟ್ಟಗಿತ್ತು. ‘ಎಲ್ಲರೂ ಬಸ್ ಫ್ರೀ ಎನ್ನುತ್ತಾರೆ. ನಮ್ಮ ಊರಿಗೆ ಸರ್ಕಾರಿ ಬಸ್ಸೇ ಇಲ್ಲ. ಇರುವ ಪ್ರೈವೇಟ್ ಬಸ್ಸು ಸಂಜೆ ಆರೂ ನಲವತ್ತಕ್ಕೆ ಬರಬೇಕು, ವಾರದಲ್ಲಿ ಮೂರು ದಿನ ಟ್ರಿಪ್ ಕಟ್ ಮಾಡುತ್ತಾರೆ. ರಿಕ್ಷಾಕ್ಕೆ ಕೊಟ್ಟರೆ ಆ ದಿನದ ದುಡಿಮೆಯಲ್ಲಿ ಉಳಿಯುವುದೇನು ಸರ್?’

ಊರು ಹೆಬ್ರಿ ಕಡೆಯದು, ಹೆಸರು ಇಲ್ಲಿ ಬೇಡ. ಕೆಲವು ದಿನ ಅದರ ಹಿಂದೆ ಬಿದ್ದ ಮೇಲೆ ವಿಷಯ ನಾನು ಎಣಿಸಿದ್ದಕ್ಕಿಂತ ಗೋಜಲಾಗಿದೆ ಎಂದು ತಿಳಿಯಿತು. ಒಂದು ಮಾರ್ಗದಲ್ಲಿ ಬಸ್ ಓಡಿಸಲು ಪರವಾನಗಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾಯಂ ಪರವಾನಗಿಗೆ ಐದು ವರ್ಷ, ತಾತ್ಕಾಲಿಕಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು. ಪರವಾನಗಿಯ ಜೊತೆ ವೇಳಾಪಟ್ಟಿಯೂ ಇರುತ್ತದೆ. ಮಾಲೀಕನಿಗೆ ಜನ ಕಡಿಮೆಯಾದ ಕೊನೆಯ ಟ್ರಿಪ್ ನಷ್ಟ. ಬಸ್ಸನ್ನು ಅರ್ಧದಾರಿಯಲ್ಲೇ ತಿರುಗಿಸುತ್ತಾನೆ. ಕೊರೊನಾ ಕಾಲದ ನಂತರ ಕೆಲವರು ಬಸ್ಸನ್ನೇ ಶೆಡ್ಡಿನಲ್ಲಿಟ್ಟು ‘ಸರೆಂಡರ್’ ಮಾಡಿದ್ದರು; ಓಡಿಸುವುದಿಲ್ಲವೆಂದು ಮೊದಲೇ ತಿಳಿಸಿದರೆ ಅಷ್ಟು ಕಾಲದ ತೆರಿಗೆ ಕಟ್ಟಬೇಕಿಲ್ಲ. ಬಸ್ಸು ರಸ್ತೆಯಲ್ಲಿಲ್ಲ, ಕಾಗದದಲ್ಲಿ ಮಾತ್ರ ಆರೂ ನಲವತ್ತಕ್ಕೆ ಸರಿಯಾಗಿ ಊರು ತಲಪುತ್ತದೆ. ಬೇರೆ ಯಾರಾದರೂ ಅದೇ ಹೊತ್ತಿಗೆ ಅರ್ಜಿ ಹಾಕಿದರೆ ‘ಈಗಾಗಲೇ ಸೇವೆ ಇದೆ’ ಎಂಬ ಆಕ್ಷೇಪ ಏಳುತ್ತದೆ. ಅದನ್ನೂ ದಾಟಿದರೆ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿ ಇದೆ. ಬಸ್ ಕೊಡಿ ಎಂದು ಸಚಿವರನ್ನು ಕೇಳಿದರೆ ಈ ಗಂಟು ಬಿಚ್ಚುವುದಿಲ್ಲ ಎಂದು ನನಗನ್ನಿಸಿತು. ಮೊದಲು ಕಾಗದದ ಬಸ್ಸನ್ನು ಹಿಡಿಯಬೇಕಿತ್ತು.

ಹಾಗಾಗಿ ಮುಂದಿನ ಅಧಿವೇಶನಕ್ಕೆ ಬರೆದದ್ದು ಹೀಗೆ: ಈ ಮಾರ್ಗದಲ್ಲಿ ಪರವಾನಗಿ ಇರುವ ಬಸ್ಸುಗಳೆಷ್ಟು, ಪ್ರತಿಯೊಂದರ ಅನುಮೋದಿತ ವೇಳೆ ಯಾವುದು, ಅವುಗಳಲ್ಲಿ ಸರೆಂಡರ್ ಆಗಿರುವುದೆಷ್ಟು, ಟ್ರಿಪ್ ಕಡಿತದ ದೂರುಗಳೆಷ್ಟು ಬಂದಿವೆ, ಎಷ್ಟಕ್ಕೆ ನೋಟಿಸ್ ಕೊಡಲಾಗಿದೆ. ವಿಶೇಷಣವಿಲ್ಲ, ‘ತೀವ್ರ ತೊಂದರೆ’ ಇಲ್ಲ, ‘ಸಾರ್ವಜನಿಕರ ಆಕ್ರೋಶ’ ಇಲ್ಲ.

ಅದರಲ್ಲೂ ಎಡವಿದೆ. ಅದೇ ಹೆಸರಿನ ಇನ್ನೊಂದು ಊರು ಕುಂದಾಪುರದ ಕಡೆ ಇದೆ, ನಾನು ತಾಲೂಕಿನ ಹೆಸರು ಬರೆದಿರಲಿಲ್ಲ. ಬಂದ ಅನುಬಂಧ ಆ ಊರಿನದು. ಅಚ್ಚುಕಟ್ಟಾದ ಪಟ್ಟಿ, ಎಲ್ಲ ಬಸ್ಸುಗಳೂ ಇವೆ, ಆದರೆ ನಮ್ಮದಲ್ಲ. ಅಧಿವೇಶನ ಮುಗಿದಿತ್ತು. ಆರು ತಿಂಗಳು ಹಾಗೆಯೇ ಹೋಯಿತು. ಆ ಅಕ್ಕ ಎದುರು ಸಿಕ್ಕಾಗಲೆಲ್ಲ ನಾನು ಫೋನ್ ಬಂದವನಂತೆ ನಟಿಸುತ್ತಿದ್ದೆ.

(ಈ ಕೆಲಸದಲ್ಲಿ ಅರ್ಧ ಶಕ್ತಿ ಹೋಗುವುದು ಕೇಳಬಾರದ್ದನ್ನು ಬೇರ್ಪಡಿಸುವುದರಲ್ಲಿ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆ, ಕೊಂಕಣ ರೈಲ್ವೆಯ ನಿಲುಗಡೆ ಎಂದು ವಾರಕ್ಕೆ ಹತ್ತು ಅರ್ಜಿ ಬರುತ್ತಿದ್ದವು. ಅವು ಕೇಂದ್ರದ ವಿಷಯ, ಸಂಸದರು ದೆಹಲಿಯಲ್ಲಿ ಕೇಳಬೇಕಾದದ್ದು. ಹಾಗೆಂದು ವಿವರಿಸಿದರೆ ‘ನುಣುಚಿಕೊಳ್ಳುತ್ತಾನೆ’ ಎನ್ನುತ್ತಿದ್ದರು.)

ಎರಡನೆಯ ಸಲ ತಾಲೂಕು, ಗ್ರಾಮ ಪಂಚಾಯಿತಿ, ಮಾರ್ಗದ ಎರಡೂ ತುದಿ ಎಲ್ಲ ಬರೆದೆ. ಅನುಬಂಧ ಬಂತು. ನಮ್ಮ ಮಾರ್ಗಕ್ಕೆ ಪರವಾನಗಿ ಇರುವ ಬಸ್ಸುಗಳು ನಾಲ್ಕು, ಒಂದು ಸರೆಂಡರ್. ಸಂಜೆ ಆರೂ ನಲವತ್ತರ ಎದುರು ‘ಸಂಚರಿಸುತ್ತಿದೆ’ ಎಂದಿತ್ತು. ದೂರುಗಳ ಕಾಲಂನಲ್ಲಿ ‘ಇಲ್ಲ’. ಅದೂ ಒಂದು ಅರ್ಥದಲ್ಲಿ ಸತ್ಯವೇ. ಬೀಜದ ಕಾರ್ಖಾನೆಯಿಂದ ದಣಿದು ಬಂದವರು ಕತ್ತಲೆಯಲ್ಲಿ ನಡೆದು ಮನೆ ಸೇರುತ್ತಾರೆಯೇ ಹೊರತು ಉಡುಪಿಗೆ ಹೋಗಿ ಲಿಖಿತ ದೂರು ಕೊಡುವುದಿಲ್ಲ.

ಆ ಅನುಬಂಧ ಹಿಡಿದುಕೊಂಡು ಊರಿನ ಬಸ್ ತಂಗುದಾಣಕ್ಕೆ ಹೋದೆ. ಎದುರಿಗೆ ಒಂದು ಗೂಡಂಗಡಿ. ಅಂಗಡಿಯ ಅಜ್ಜನಿಗೆ ಹಾಳೆ ಓದಿ ಹೇಳಿದೆ. ‘ಸಂಚರಿಸುತ್ತಿದೆ’ ಎಂಬಲ್ಲಿಗೆ ಬಂದಾಗ ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಗೋಡೆಯ ಕಡೆ ಬೆರಳು ತೋರಿಸಿದರು. ಸಹಕಾರಿ ಸಂಘದವರು ಕೊಟ್ಟ ಕ್ಯಾಲೆಂಡರ್. ಕೆಲವು ತಾರೀಕುಗಳ ಮೇಲೆ ಪೆನ್ಸಿಲಿನ ಗುಣಿಸು ಗುರುತು. ಬಸ್ಸು ಬಾರದ ದಿನ ಹಾಲಿನ ಸೊಸೈಟಿಯ ಹುಡುಗ ಬರುವುದಿಲ್ಲ, ಹಾಲು ಉಳಿಯುತ್ತದೆ, ಅದರ ಲೆಕ್ಕಕ್ಕೆ ಅಜ್ಜ ಗುರುತು ಹಾಕುತ್ತಿದ್ದರಂತೆ. ನನಗೆ ಬೇಕಾದ ದಾಖಲೆಯನ್ನು ಯಾರೋ ಹಾಲಿಗಾಗಿ ಬರೆದಿಟ್ಟಿದ್ದರು. ನಾನೂ ಆರು ಸಂಜೆ ಅಲ್ಲೇ ಕುಳಿತೆ. ಎರಡು ದಿನ ಬಸ್ಸು ಬರಲಿಲ್ಲ, ಒಂದು ದಿನ ಏಳೂ ಹತ್ತಕ್ಕೆ ಬಂತು. ಕ್ಯಾಲೆಂಡರಿನ ಹಾಳೆಗಳ ಫೋಟೊ ತೆಗೆದೆ, ಊರಿನ ಮೂವತ್ತು ಜನರ ಸಹಿ ಹಾಕಿಸಿ ದೂರು ಬರೆಸಿದೆ, ಸ್ವೀಕೃತಿ ಪಡೆದೆ. ಮುಂದಿನ ಅನುಬಂಧದಲ್ಲಿ ‘ಇಲ್ಲ’ ಎಂದು ಬರೆಯಲು ಆಗಬಾರದಲ್ಲ.

ನಂತರದ್ದು ಬೆಳಗಾವಿ ಅಧಿವೇಶನ. ಚುಕ್ಕೆ ಗುರುತು ಸಿಕ್ಕಿತು, ಅದೂ ಅದೃಷ್ಟವೇ. ಶಾಸಕರಿಗೆ ಮಾತು ಶುರುವಾದರೆ ನಿಲ್ಲುವುದಿಲ್ಲ. ‘ಪ್ರಶ್ನೆ ಕೇಳಿ, ಭಾಷಣ ಬೇಡ’ ಎಂದು ಪೀಠದಿಂದ ಹೇಳಿಸಿಕೊಂಡು ಸಿಟ್ಟಾಗಿ ಕುಳಿತ ಉದಾಹರಣೆ ಹಿಂದೆ ಇತ್ತು. ಅದಕ್ಕೇ ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕ ಚೀಟಿಯಲ್ಲಿ ಮೂರೇ ಸಾಲು ಬರೆದುಕೊಟ್ಟಿದ್ದೆ. ಬಸ್ಸು ಓಡುತ್ತಿದೆ ಎಂಬ ಉತ್ತರ ಯಾರು ಸ್ಥಳಕ್ಕೆ ಹೋಗಿ ನೋಡಿದ್ದರ ಮೇಲೆ ಕೊಟ್ಟದ್ದು? ಷರತ್ತು ಮುರಿದರೆ ಪರವಾನಗಿ ಅಮಾನತು ಮಾಡಲು ಕಾಯ್ದೆಯ 86ನೇ ಕಲಂ ಇದೆ, ಅದನ್ನು ಬಳಸಲಾಗಿದೆಯೇ? ಇಲ್ಲವಾದರೆ ಯಾವ ತಾರೀಕಿನೊಳಗೆ ಬದಲಿ ವ್ಯವಸ್ಥೆ?

ಆ ದಿನ ಬೇರೊಂದು ವಿಷಯಕ್ಕೆ ಸದಸ್ಯರು ಸದನದ ಬಾವಿಗಿಳಿದರು. ಪ್ರಶ್ನೋತ್ತರ ಕಲಾಪವೇ ನಡೆಯಲಿಲ್ಲ. ಗ್ಯಾಲರಿಯಲ್ಲಿ ಕುಳಿತಿದ್ದ ನನಗೆ ಸುವರ್ಣ ವಿಧಾನಸೌಧದ ಚಳಿ ಮೊದಲ ಸಲ ಮೂಳೆಗೆ ತಾಗಿತು.

ಇನ್ನು ಮುಂದಿನ ಸರದಿಯವರೆಗೆ ಕಾಯುವುದೆಂದರೆ ಮತ್ತೊಂದು ಮಳೆಗಾಲ. ಹಿರಿಯ ಸಹಾಯಕರೊಬ್ಬರು ದಾರಿ ತೋರಿಸಿದರು. ನಿಯಮ 73ರ ಕೆಳಗೆ ಗಮನ ಸೆಳೆಯುವ ಸೂಚನೆ ಕೊಡಿ ಎಂದರು; ವಿಧಾನ ಪರಿಷತ್ತಿನಲ್ಲಾದರೆ ಅದು ನಿಯಮ 72. ಅದೇ ಅಧಿವೇಶನದ ಕೊನೆಯ ವಾರ ಸೂಚನೆ ಕೈಗೆತ್ತಿಕೊಳ್ಳಲಾಯಿತು. ಸದನದಲ್ಲಿ ಹೆಚ್ಚು ಜನ ಇರಲಿಲ್ಲ. ಶಾಸಕರು ಚೀಟಿ ತೆಗೆದರು, ಮೂರು ಸಾಲು ಓದಿದರು, ಕುಳಿತರು. ಅಷ್ಟು ಚುಟುಕಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕ್ಯಾಲೆಂಡರಿನ ಫೋಟೊಗಳನ್ನು ಸಚಿವರಿಗೆ ತಲುಪಿಸಿದೆವು. ಜಿಲ್ಲಾಧಿಕಾರಿಗೆ ಹೇಳಿ ಸ್ಥಳ ಪರಿಶೀಲನೆ ಮಾಡಿಸುತ್ತೇನೆ ಎಂದು ಸಚಿವರು ಹೇಳಿದ್ದು ಕಡತದಲ್ಲಿ ದಾಖಲಾಯಿತು. ಸದನದಲ್ಲಿ ಕೊಟ್ಟ ಮಾತಿನ ಬೆನ್ನು ಹತ್ತಲು ಭರವಸೆಗಳ ಸಮಿತಿ ಎಂಬುದೊಂದಿದೆ, ಆದ್ದರಿಂದ ಆ ವಾಕ್ಯವನ್ನು ನಾನು ಪುಟಸಂಖ್ಯೆ ಸಹಿತ ಬರೆದಿಟ್ಟುಕೊಂಡೆ.

ಪರಿಶೀಲನೆ ನಡೆಯಿತು, ಮಾಲೀಕರಿಗೆ ನೋಟಿಸ್ ಹೋಯಿತು. ಅವರು ನಮ್ಮ ಕಚೇರಿಗೇ ಬಂದು ಡೀಸೆಲ್ ಲೆಕ್ಕ ಹೇಳಿದರು. ಕೊನೆಯ ಟ್ರಿಪ್ಪಿಗೆ ಹದಿನೈದು ಜನ, ಹಿಂದಿರುಗುವಾಗ ಖಾಲಿ, ಯಾವ ಧೈರ್ಯದಲ್ಲಿ ಓಡಿಸಲಿ ಎಂದರು. ಅವರ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಆ ವೇಳೆಯನ್ನು ಅವರೇ ಬಿಟ್ಟುಕೊಟ್ಟರು. ತಾತ್ಕಾಲಿಕ ಪರವಾನಗಿಯ ಮೇಲೆ ಸರ್ಕಾರಿ ಬಸ್ಸು ಬಂತು, ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಕಾಲೇಜಿನ ಮಕ್ಕಳನ್ನು ಹತ್ತಿಸಿಕೊಂಡು ಹೊರಡುವಂತೆ. ಮೊದಲ ದಿನ ತೆಂಗಿನಕಾಯಿ ಒಡೆದು ಹಾರ ಹಾಕಿದಾಗ ಶಾಸಕರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ಹೆಚ್ಚಿನವರನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಬೀಜದ ಕಾರ್ಖಾನೆಯ ಅಕ್ಕನಿಗೆ ಆ ದಿನ ರಜೆ ಸಿಕ್ಕಿರಲಿಲ್ಲ.

ಕಳೆದ ತಿಂಗಳು ಆ ದಾರಿಯಾಗಿ ಹೋದಾಗ ಗೂಡಂಗಡಿಯ ಎದುರು ಬೈಕ್ ನಿಲ್ಲಿಸಿದೆ. ಗೋಡೆಯಲ್ಲಿ ಹೊಸ ವರ್ಷದ ಕ್ಯಾಲೆಂಡರ್, ಅದೇ ಪೆನ್ಸಿಲ್. ಸೋಮವಾರದಿಂದ ಶನಿವಾರದವರೆಗೆ ಗುರುತು ಕಡಿಮೆ. ಕೆಂಪಕ್ಷರದ ಭಾನುವಾರಗಳ ಮೇಲೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಗುಣಿಸು ಗುರುತು. ‘ಭಾನುವಾರ ಜನ ಇಲ್ಲವಂತೆ’ ಎಂದರು ಅಜ್ಜ. ‘ಬರೆದುಕೊಳ್ಳಿ.’ ನಾನು ಆ ಕೆಲಸ ಬಿಟ್ಟಿದ್ದೇನೆ ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು.