ನಮ್ಮ ಮನೆ ಪ್ರಾರ್ಥನೆ: ಮಕ್ಕಳ ಜೊತೆ ನಾವು ನಡೆಸಿಕೊಂಡು ಬಂದ ಬಗೆ

ರಾತ್ರಿ ಊಟ ಆದ ಕೂಡಲೇ ನಮ್ಮ ಮನೆಯಲ್ಲಿ ಪ್ರಾರ್ಥನೆ. ತಟ್ಟೆ ಎತ್ತುವುದಕ್ಕೂ ಮೊದಲೇ. ಪಾತ್ರೆ ತೊಳೆದು, ಎಲ್ಲ ಕೆಲಸ ಮುಗಿಸಿ ಆಮೇಲೆ ಕೂರೋಣ ಅಂದುಕೊಂಡರೆ ಆಗುವ ಮಾತಲ್ಲ. ಅಷ್ಟರಲ್ಲಿ ದೊಡ್ಡವಳು ಓದಲು ಕೂತಿರುತ್ತಾಳೆ, ಚಿಕ್ಕವನಿಗೆ ನಿದ್ದೆ ಬಂದಿರುತ್ತದೆ. ಎಲ್ಲರೂ ಹೇಗೂ ಒಂದೇ ಕಡೆ ಕೂತಿರುವ ಹೊತ್ತು ದಿನಕ್ಕೆ ಅದೊಂದೇ. ಮನೆಯವರಿಗೆ ಪಾಳಿ ಕೆಲಸ, ಹಾಗಾಗಿ ಕೆಲವು ವಾರ ನಾವು ಮೂವರೇ ಇರುತ್ತೇವೆ. ಆಗಲೂ ಅದೇ ಜಾಗ, ಅದೇ ಹೊತ್ತು.

ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಮಗ ನಡುನಡುವೆ ಗಡಿಯಾರ ನೋಡುತ್ತಾನೆ, ನೋಡಲಿ ಬಿಡಿ. ಬೈಬಲಿನಲ್ಲಿ ಯೇಸು ಸ್ವಾಮಿಯ ಜೀವನ ಹೇಳುವ ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತಾರೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾರೆ ಅಂದುಕೊಳ್ಳಬೇಡಿ ಎಂದು ಹೇಳಿ, ಅದರ ಬೆನ್ನಿಗೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ ಕಲಿಸುತ್ತಾರೆ. ನಿಧಾನವಾಗಿ ಹೇಳಿದರೂ ಅದಕ್ಕೆ ಒಂದು ನಿಮಿಷ ಬೇಕಾಗುವುದಿಲ್ಲ. ಹಾಗಿರುವಾಗ ನಾವು ಯಾಕೆ ಎಳೆಯಬೇಕು?

ಮಕ್ಕಳು ಚಿಕ್ಕವರಿದ್ದಾಗಲೇ ನಾವಿಬ್ಬರೂ ಒಂದು ಮಾತಿಗೆ ಬಂದೆವು. ದೇವರ ಹೆಸರನ್ನು ಮನೆಯಲ್ಲಿ ಬೆತ್ತದ ಹಾಗೆ ಬಳಸಬಾರದು. ಮಕ್ಕಳನ್ನು ತಿದ್ದುವುದು, ಗದರುವುದು ಎಲ್ಲ ಇದ್ದೇ ಇದೆ. ಅದನ್ನು ನಮ್ಮ ಹೆಸರಲ್ಲಿ ಮಾಡೋಣ, ದೇವರ ಹೆಸರಲ್ಲಿ ಬೇಡ ಅಂತ. ಕೇಳಲು ಸುಲಭ ಅನಿಸುತ್ತದೆ ಅಲ್ವಾ? ಆದರೆ ಪ್ರಾರ್ಥನೆಯಲ್ಲೇ ಈ ಬೆತ್ತ ಸದ್ದಿಲ್ಲದೆ ಒಳಗೆ ಬರುತ್ತದೆ. "ಸ್ವಾಮಿ, ಇವನಿಗೆ ಒಳ್ಳೆಯ ಬುದ್ಧಿ ಕೊಡು, ಹೋಂವರ್ಕ್ ಮಾಡುವ ಮನಸ್ಸು ಕೊಡು, ಅಕ್ಕನಿಗೆ ಎದುರು ಮಾತಾಡದ ಹಾಗೆ ಮಾಡು" ಎನ್ನುವ ಪ್ರಾರ್ಥನೆ ಎಷ್ಟು ಮನೆಗಳಲ್ಲಿ ಕೇಳಿಲ್ಲ! ಅದು ದೇವರಿಗೆ ಹೇಳಿದ್ದಲ್ಲ, ಕಣ್ಣು ಮುಚ್ಚಿ ಕೂತಿರುವ ಹುಡುಗನಿಗೆ ಹೇಳಿದ್ದು. ಪಾಪ, ತಿರುಗಿ ಮಾತಾಡಲೂ ಅವನಿಗೆ ಆಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬರ ವಿಷಯವಾಗಿ ಇನ್ನೊಬ್ಬರು ಪ್ರಾರ್ಥಿಸಬೇಕಾದರೆ, "ನಿನಗೋಸ್ಕರ ಏನು ಕೇಳಲಿ?" ಎಂದು ಮೊದಲು ಕೇಳಬೇಕು. ಹೇಳಿದ್ದನ್ನಷ್ಟೇ ಕೇಳಬೇಕು. ಚಿಕ್ಕವನು ಬಹಳ ದಿನ ಒಂದೇ ಉತ್ತರ ಕೊಡುತ್ತಿದ್ದ: ಬೀದಿಯ ಕುಂಟ ನಾಯಿಗೆ ಕಾಲು ವಾಸಿಯಾಗಲಿ. ಸರಿ, ಮನೆಮಂದಿಯೆಲ್ಲ ನಾಯಿಯ ಕಾಲಿಗೋಸ್ಕರ ಪ್ರಾರ್ಥಿಸಿದೆವು.

ಇನ್ನೊಂದು ಮಾತು, "ದೇವರು ನೋಡ್ತಾ ಇದ್ದಾರೆ, ಹುಷಾರ್." ಇದನ್ನು ನಾವು ಹೆದರಿಸಲು ಹೇಳುವುದಿಲ್ಲ. ಬೈಬಲಿನಲ್ಲಿ ದೇವರನ್ನು 'ನನ್ನನ್ನು ನೋಡುವ ದೇವರು' ಎಂದು ಕರೆದವಳು ಹಾಗರಳು. ಆದಿಕಾಂಡದ 16ನೇ ಅಧ್ಯಾಯ. ಮನೆಯ ದಾಸಿ, ಬಸುರಿ, ಯಜಮಾನಿಯ ಕಾಟ ತಾಳಲಾರದೆ ಅಡವಿಗೆ ಓಡಿಬಂದವಳು. ಅವಳ ಕಷ್ಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ದೇವರು ನೋಡಿದರು. ಮಗಳಿಗೆ ಶಾಲೆಯಲ್ಲಿ ಗೆಳತಿಯರು ಮಾತು ಬಿಟ್ಟಿದ್ದಾಗ ಈ ಕಥೆ ಓದಿದೆವು. ಓದಿದ ಮೇಲೆ ನಾನು ಏನೂ ವಿವರಿಸಲಿಲ್ಲ. ಅವಳೂ ಏನೂ ಹೇಳಲಿಲ್ಲ, ಆದರೆ ಮಾರನೇ ದಿನ ಅದೇ ಭಾಗ ಇನ್ನೊಮ್ಮೆ ಓದಿ ಅಂದಳು.

ಓದುವ ವಿಷಯಕ್ಕೆ ಬರುತ್ತೇನೆ. ನಾವು ಶುರು ಮಾಡಿದ್ದು ಮಾರ್ಕನ ಸುವಾರ್ತೆಯಿಂದ. ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು, 16 ಅಧ್ಯಾಯ. ಒಂದರ ಹಿಂದೆ ಒಂದು ಘಟನೆ ಓಡುತ್ತಾ ಇರುತ್ತದೆ, ಮಕ್ಕಳಿಗೆ ಬೇಜಾರಾಗುವುದಿಲ್ಲ. ದಿನಕ್ಕೆ ಒಂದು ಘಟನೆ ಮಾತ್ರ. ಮಕ್ಕಳ ಬೈಬಲ್ ಬಿಟ್ಟು ದೊಡ್ಡವರ ಬೈಬಲನ್ನೇ ಓದುತ್ತೇವೆ. ಫೋನಿನಲ್ಲಂತೂ ಬೇಡವೇ ಬೇಡ. ಕಥೆಯಲ್ಲಿ ಬಿರುಗಾಳಿ ಏಳುವ ಹೊತ್ತಿಗೆ ಸರಿಯಾಗಿ ಯಾರದ್ದಾದರೂ ಮೆಸೇಜ್ ಬರುತ್ತದೆ.

ಮಾರ್ಕನಲ್ಲಿ ಚಿಕ್ಕ ಚಿಕ್ಕ ವಿವರ ಬಹಳ. ಬಿರುಗಾಳಿಯಲ್ಲಿ ಯೇಸು ಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿದ್ದರು. ಐದು ಸಾವಿರ ಜನ ಊಟಕ್ಕೆ ಕೂತದ್ದು ಹಸಿರು ಹುಲ್ಲಿನ ಮೇಲೆ. ದೊಡ್ಡವರು ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ, ಮಕ್ಕಳು ಅಲ್ಲೇ ನಿಲ್ಲುತ್ತಾರೆ. 5ನೇ ಅಧ್ಯಾಯದಲ್ಲಿ ಯಾಯೀರನ ಮಗಳು, 12 ವರ್ಷದ ಹುಡುಗಿ, ಸತ್ತು ಬದುಕಿ ಎದ್ದು ಓಡಾಡುತ್ತಾಳೆ. ಆಮೇಲೆ ಯೇಸು ಸ್ವಾಮಿ, ಇವಳಿಗೆ ತಿನ್ನಲು ಏನಾದರೂ ಕೊಡಿ ಅನ್ನುತ್ತಾರೆ.

"ಅಷ್ಟು ದೊಡ್ಡ ಅದ್ಭುತ ಆದಮೇಲೆ ಊಟದ ವಿಷಯಾನಾ?" ಅಂದ ಚಿಕ್ಕವನು.

"ಕಾಯಿಲೆ ಬಿದ್ದಿದ್ದಳಲ್ಲ, ಎಷ್ಟು ದಿನದಿಂದ ತಿಂದಿರಲಿಲ್ಲವೋ ಏನೋ. ಅಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು, ಅವಳಿಗೆ ಹಸಿವಾಗಿದೆ ಅಂತ ಯಾರಿಗೂ ಹೊಳೆದಿರಲ್ಲ" ಅಂದಳು ಅಕ್ಕ.

ಅದೇ ಅಧ್ಯಾಯದಲ್ಲಿ ದಾರಿಯ ನಡುವೆ ಒಬ್ಬ ಹೆಂಗಸು ಸ್ವಾಮಿಯ ಬಟ್ಟೆ ಮುಟ್ಟಿ ವಾಸಿಯಾಗುತ್ತಾಳೆ. ಅವಳ ರಕ್ತಸ್ರಾವಕ್ಕೂ 12 ವರ್ಷ. "ಅಂದರೆ ಈ ಹುಡುಗಿ ಹುಟ್ಟಿದ ವರ್ಷಾನೇ ಅವರಿಗೆ ಕಾಯಿಲೆ ಶುರುವಾಗಿದ್ದು" ಎಂದು ಮಗಳೇ ಲೆಕ್ಕ ಹಾಕಿದಳು. ನಾನು ಇಷ್ಟು ವರ್ಷ ಓದಿದರೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಓದಿದ ಮೇಲೆ ಎರಡೇ ಪ್ರಶ್ನೆ. ಯಾವುದು ಇಷ್ಟ ಆಯಿತು? ಯಾವುದು ವಿಚಿತ್ರ ಅನಿಸಿತು? 'ಇದರಿಂದ ಏನು ಪಾಠ ಕಲಿತೆ' ಎಂದು ನಾವು ಕೇಳುವುದಿಲ್ಲ. ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ, 'ಒಳ್ಳೆಯವರಾಗಿರಬೇಕು' ಅಂತ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳುತ್ತೇನೆ. ಒಂದು ನೋಟ್‌ಬುಕ್ ಇದೆ, ಅದರಲ್ಲಿ ಬರೆದಿಟ್ಟು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಕೇಳುತ್ತೇವೆ. 11ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಅಂಜೂರದ ಮರವನ್ನು ಶಪಿಸಿದ್ದು ಮಗನಿಗೆ ಸ್ವಲ್ಪವೂ ಸರಿಕಾಣಲಿಲ್ಲ. ಅದು ಹಣ್ಣಿನ ಕಾಲ ಅಲ್ಲ ಎಂದು ಅಲ್ಲೇ ಬರೆದಿದೆ, ಮತ್ತೆ ಮರದ್ದೇನು ತಪ್ಪು? ಪಾಸ್ಟರ್ ಬಹಳ ತಾಳ್ಮೆಯಿಂದ ಹೇಳಿದರು: ಮಾರ್ಕನು ಮರದ ಕಥೆಯನ್ನು ಎರಡು ತುಂಡು ಮಾಡಿ, ನಡುವೆ ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಘಟನೆ ಇಟ್ಟಿದ್ದಾನೆ. ಎಲೆ ಮಾತ್ರ ಇದ್ದು ಹಣ್ಣಿಲ್ಲದ ಮರ, ಹೊರಗಿನ ಆಡಂಬರ ಮಾತ್ರ ಉಳಿದಿದ್ದ ದೇವಾಲಯಕ್ಕೆ ಗುರುತು. ಮಗ ಪೂರ್ತಿ ಕೇಳಿಸಿಕೊಂಡ. "ಆದರೂ ಪಾಪ, ಮರ" ಅಂದ.

ಬಾಯಿಪಾಠದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೈಬಲಿನ ಕೀರ್ತನೆಗಳ ಪುಸ್ತಕದ 117ನೇ ಕೀರ್ತನೆಯಿಂದ ಶುರು ಮಾಡಿ, ಎರಡೇ ವಚನ, ಪೂರ್ತಿ ಕೀರ್ತನೆ ಕಲಿತೆ ಎನ್ನುವ ಖುಷಿ ಮಕ್ಕಳಿಗೆ. ಆಮೇಲೆ 23ನೇ ಕೀರ್ತನೆ. ತಪ್ಪಿಗೆ ಶಿಕ್ಷೆಯಾಗಿ ವಾಕ್ಯ ಬರೆಸುವುದನ್ನು ಮಾತ್ರ ಮಾಡಬೇಡಿ. ಹಾಗೆಯೇ, ತಂದೆತಾಯಿಗೆ ವಿಧೇಯರಾಗಿರಿ ಎನ್ನುವ ವಾಕ್ಯ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದ ಮೊದಲಲ್ಲೇ ಇದೆ, ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತು. ಮೂರು ವಚನ ದಾಟಿದರೆ ತಂದೆಗಳೇ, ಮಕ್ಕಳಿಗೆ ಸಿಟ್ಟು ಬರಿಸಬೇಡಿ ಎಂದೂ ಇದೆ. ಎರಡನ್ನೂ ಒಟ್ಟಿಗೇ ಕಲಿಸಿದೆವು. ಮಗಳು ಎರಡನೆಯದನ್ನು ಅಪ್ಪನಿಗೆ ಸಮಯ ನೋಡಿ ನೆನಪಿಸುತ್ತಾಳೆ.

ಜಗಳ. ಎರಡು ಮಕ್ಕಳಿರುವ ಮನೆಯಲ್ಲಿ ನಂಬಿಕೆಯ ನಿಜವಾದ ಅಭ್ಯಾಸ ಇಲ್ಲೇ ನಡೆಯುವುದು. ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ ಎನ್ನುವ ಮಾತನ್ನು (ಅದೂ ಎಫೆಸದವರಿಗೆ ಬರೆದದ್ದೇ, 4ನೇ ಅಧ್ಯಾಯ) ಹಿಡಿದುಕೊಂಡು, ಬಲವಂತವಾಗಿ ಕೈಕುಲುಕಿಸಿ "ಸಾರಿ ಹೇಳು, ಪರವಾಗಿಲ್ಲ ಅನ್ನು" ಎಂದು ಮುಗಿಸುವವರಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಮೊದಲು ಇಬ್ಬರೂ ಬೇರೆ ಬೇರೆ ಕೋಣೆಗೆ. ಆಮೇಲೆ ಒಬ್ಬೊಬ್ಬರಾಗಿ ಬಂದು ತಾನು ಮಾಡಿದ್ದನ್ನು ಹೇಳಬೇಕು. ಇನ್ನೊಬ್ಬರು ಮಾಡಿದ್ದನ್ನಲ್ಲ. 'ಆದರೆ' ಎಂದು ಶುರುವಾದರೆ ಮತ್ತೆ ಕೋಣೆಗೆ. ನಾವು ದೊಡ್ಡವರಿಗೂ ಇದೇ ನಿಯಮ. ತಪ್ಪು ಮಾಡಿದವರು ಅದನ್ನು ಸರಿಮಾಡಲು ಏನು ಮಾಡುತ್ತೇನೆಂದು ಹೇಳಬೇಕು. ಕ್ಷಮಿಸುವವರಿಗೆ ಗಡುವು ಇಲ್ಲ. ಮಲಗುವ ಮೊದಲು ಕನಿಷ್ಠ "ನಾಳೆ ಮಾತಾಡೋಣ" ಅಂದರೆ ಸಾಕು.

ಕ್ಷಮೆಗೆ ಗಡುವು ಇಲ್ಲ ಎನ್ನುವುದು ಯೋಸೇಫನ ಕಥೆ ಓದುವಾಗ ಗಟ್ಟಿಯಾಯಿತು. ಒಮ್ಮೆ ಚಿಕ್ಕವನು, ಅಕ್ಕ ಚಿತ್ರ ಬರೆದಿದ್ದ ಪುಸ್ತಕಕ್ಕೆ ನೀರು ಚೆಲ್ಲಿಬಿಟ್ಟಿದ್ದ. ಬೇಕಂತಲೇ. ತಪ್ಪು ಒಪ್ಪಿಕೊಂಡ, ಅವಳು ಕ್ಷಮಿಸಲಿಲ್ಲ. "ಇನ್ನೊಮ್ಮೆ ಮಾಡಲ್ಲ ಅಂತ ಏನು ಗ್ಯಾರಂಟಿ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಯೋಸೇಫನೂ, ತನ್ನನ್ನು ದಾಸನಾಗಿ ಮಾರಿದ್ದ ಅಣ್ಣಂದಿರನ್ನು ಎಷ್ಟೋ ವರ್ಷದ ಮೇಲೆ ನೋಡಿದ ತಕ್ಷಣ ಅಪ್ಪಿಕೊಳ್ಳಲಿಲ್ಲ. ಗುರುತು ಹಿಡಿದ, ಆದರೆ ಹೇಳಿಕೊಳ್ಳಲಿಲ್ಲ. ಬಿರುಸಾಗಿ ಮಾತಾಡಿದ, ಮರೆಯಲ್ಲಿ ಹೋಗಿ ಅತ್ತ. ಯೋಸೇಫನನ್ನು ಮಾರಿಬಿಡೋಣ ಎಂದು ಹಿಂದೆ ಸಲಹೆ ಕೊಟ್ಟವನು ಆ ಅಣ್ಣಂದಿರಲ್ಲೊಬ್ಬನಾದ ಯೆಹೂದ. ಅದೇ ಯೆಹೂದ ಆದಿಕಾಂಡದ 44ನೇ ಅಧ್ಯಾಯದಲ್ಲಿ, ತಮ್ಮ ಬೆನ್ಯಾಮೀನನ ಬದಲು ನನ್ನನ್ನು ದಾಸನಾಗಿ ಇಟ್ಟುಕೊಳ್ಳಿ ಎಂದು ಬೇಡುತ್ತಾನೆ. ಅದನ್ನು ಕೇಳಿದ ಮೇಲೆ, 45ರಲ್ಲಿ, ಯೋಸೇಫ ತಡೆಯಲಾರದೆ 'ನಾನೇ ಯೋಸೇಫ' ಅನ್ನುತ್ತಾನೆ. ಮಾರಿದವನೇ ಈಗ ತನ್ನನ್ನು ಒತ್ತೆಯಿಟ್ಟ. ಮಗಳು ಈ ಕಥೆ ಕೇಳಿ ತನ್ನ ಹಠಕ್ಕೆ ಬೈಬಲಿನ ಬೆಂಬಲ ಸಿಕ್ಕಿತೆಂದು ಗೆದ್ದವಳ ಹಾಗೆ ನೋಡಿದಳು. ತಮ್ಮ ಮಾತ್ರ ಬೇರೆ ಕಡೆಯಿಂದ ಕೇಳಿಸಿಕೊಂಡಿದ್ದ. ಆ ವಾರವೆಲ್ಲ ಅವಳ ಪೆನ್ಸಿಲ್‌ಗಳನ್ನು ಕೆತ್ತಿ ಚೂಪು ಮಾಡಿಟ್ಟ. ಅವಳು ಯಾವಾಗ ಕ್ಷಮಿಸಿದಳೋ ನಮಗೆ ಗೊತ್ತಾಗಲಿಲ್ಲ.

ಅಜ್ಜಿ ಕಾಯಿಲೆ ಬಿದ್ದಾಗ ಮಕ್ಕಳಿಬ್ಬರೂ ದಿನಾ ಪ್ರಾರ್ಥಿಸಿದರು. ಅಜ್ಜಿ ತೀರಿಹೋದರು. 'ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೆ ಕರೆದುಕೊಂಡರು' ಎಂದು ಬಂದವರೆಲ್ಲ ಹೇಳಿದರು. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತು ಕೇಳಿದ ಮಗುವಿಗೆ ದೇವರೆಂದರೆ ಭಯವಾಗುತ್ತದೆ. ನಾಳೆ ಅಮ್ಮನೂ ಒಳ್ಳೆಯವಳು ಅನಿಸಿದರೆ? ನಾನು ಆ ಮಾತು ಆಡಲಿಲ್ಲ. ಯೇಸು ಸ್ವಾಮಿ ಶಿಲುಬೆಗೆ ಹೋಗುವ ಮುಂಚಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆಯ ಭಾಗ ಓದಿದೆ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಯೇಸು ಸ್ವಾಮಿಯೇ ಮತ್ತೆ ಮತ್ತೆ ಬೇಡಿದರು, ತೊಲಗಲಿಲ್ಲ. ತನ್ನೊಳಗಿನ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಒಂದು ಕಷ್ಟ, ತೆಗೆಯಬೇಕೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ, ತೆಗೆಯಲಿಲ್ಲ. ನಂಬಿಕೆ ಕಮ್ಮಿ ಇದ್ದದ್ದಕ್ಕೆ ಅಜ್ಜಿ ಉಳಿಯಲಿಲ್ಲ ಎನ್ನುವ ಯೋಚನೆ ಮಕ್ಕಳ ತಲೆಗೆ ಬಾರದಿರಲಿ ಎನ್ನುವುದಷ್ಟೇ ನನ್ನ ಉದ್ದೇಶ. ಉಳಿದದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಗಳು ಪ್ರಾರ್ಥನೆ ನಿಲ್ಲಿಸಿದಳು. ಊಟದ ಜಾಗದಲ್ಲಿ ಕೂರುತ್ತಿದ್ದಳು, ತನ್ನ ಸರದಿ ಬಂದಾಗ ತಲೆ ಅಲ್ಲಾಡಿಸುತ್ತಿದ್ದಳು, ನಾವು ಮುಂದಕ್ಕೆ ಹೋಗುತ್ತಿದ್ದೆವು. ಆ ದಿನಗಳಲ್ಲಿ ಕೀರ್ತನೆಗಳನ್ನೇ ಓದಿದೆವು, ಅದರಲ್ಲೂ ದೂರುವ ಕೀರ್ತನೆಗಳನ್ನು. 13ನೆಯದು ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ಶುರುವಾಗುತ್ತದೆ, ಕೊನೆಗೆ ಹೇಗೋ ಸಮಾಧಾನಕ್ಕೆ ಬರುತ್ತದೆ. 88ನೆಯದು ಅದಕ್ಕೂ ಬರುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಅದನ್ನು ಓದಿದ ದಿನ "ಇದನ್ನೂ ಬೈಬಲಲ್ಲಿ ಇಟ್ಟಿದ್ದಾರಾ?" ಅಂದಳು. ಕೆಲವು ವಾರ ಕಳೆದು ಒಂದು ರಾತ್ರಿ ತನ್ನ ಸರದಿಯಲ್ಲಿ ಬಾಯಿಬಿಟ್ಟಳು: "ನನಗೆ ಇನ್ನೂ ಕೋಪ ಇದೆ. ಆಮೆನ್." ಅದಕ್ಕೆ ನಾವೆಲ್ಲ ಆಮೆನ್ ಅಂದೆವು.

ಒಬ್ಬೊಬ್ಬರಿಗೆ ಬೇರೆ ಹೊತ್ತು ಕೊಡುವುದೂ ಅಲ್ಲಿಂದ ಶುರುವಾಯಿತು. ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿಯ ತಾಯಿ ಸುಸಾನಾ ವೆಸ್ಲಿ ಮನೆ ತುಂಬ ಮಕ್ಕಳಿದ್ದರೂ ವಾರದಲ್ಲಿ ಒಂದು ಸಂಜೆ ಒಂದು ಮಗುವಿಗೆ ಎಂದು ಇಟ್ಟುಕೊಂಡಿದ್ದರು. ಜಾನ್‌ಗೆ ಗುರುವಾರ, ಚಾರ್ಲ್ಸ್‌ಗೆ ಶನಿವಾರ. ನನಗಿರುವುದು ಇಬ್ಬರೇ, ನೆಪ ಹೇಳುವ ಹಾಗಿಲ್ಲ. ಮಗಳ ಜೊತೆ ವಾಕಿಂಗ್. ಮುಖ ನೋಡಿಕೊಂಡು ಕೂತರೆ ಈ ವಯಸ್ಸಿನವರು ಮಾತಾಡುವುದಿಲ್ಲ, ಪಕ್ಕದಲ್ಲಿ ನಡೆಯುತ್ತಿದ್ದರೆ ತಾವಾಗಿ ಶುರು ಮಾಡುತ್ತಾರೆ. ಬೇರೆ ಧರ್ಮದ ಗೆಳತಿಯರ ಬಗ್ಗೆ, ನರಕದ ಬಗ್ಗೆ, ವಿಜ್ಞಾನದ ಪಾಠದ ಬಗ್ಗೆ ಕೇಳುತ್ತಾಳೆ. ಎಲ್ಲದಕ್ಕೂ ಅಲ್ಲೇ ಉತ್ತರ ಕೊಡಬೇಕೆಂದಿಲ್ಲ, ಗಾಬರಿಯಾಗದೆ ಕೇಳಿಸಿಕೊಂಡರೆ ಮುಂದಿನ ವಾರ ಇನ್ನೊಂದು ಪ್ರಶ್ನೆ ಬರುತ್ತದೆ.

ಮಲಗುವಾಗ ಬೈಬಲಿನ ಅರಣ್ಯಕಾಂಡ 6ನೇ ಅಧ್ಯಾಯದ ಆಶೀರ್ವಾದ, ಮೂರು ವಚನ, ತಲೆಯ ಮೇಲೆ ಕೈಯಿಟ್ಟು. ಚಿಕ್ಕವನು ಮರೆತರೆ ಕರೆದು ಹೇಳಿಸಿಕೊಳ್ಳುತ್ತಾನೆ. ದೊಡ್ಡವಳಿಗೆ ಈಗ ಬಾಗಿಲಲ್ಲೇ ನಿಂತು ಹೇಳಬೇಕು, ಕೂದಲು ಕೆಡುತ್ತದಂತೆ.

ಮುಂದೆ ಏನು ಓದಬೇಕೆಂದು ಈಗ ಮಕ್ಕಳೇ ಸರದಿಯಲ್ಲಿ ಆರಿಸುತ್ತಾರೆ. ಮಗಳು ಆರಿಸಿದ್ದು ಪ್ರಸಂಗಿ. 12 ಅಧ್ಯಾಯ, ಶುರುವಿನಲ್ಲೇ ಎಲ್ಲವೂ ವ್ಯರ್ಥ ಎನ್ನುವ ಪುಸ್ತಕ. ತಮ್ಮನಿಗೆ ಒಂದು ಚೂರೂ ಹಿಡಿಸಿಲ್ಲ, ಅಕ್ಕನಿಗೆ ಬಹಳ ಹಿಡಿಸಿದೆ. ಸದ್ಯ 3ನೇ ಅಧ್ಯಾಯದಲ್ಲಿದ್ದೇವೆ. ತನ್ನ ಸರದಿಗೆ ಅವನು ಆಗಲೇ ಯೋನನ ಪುಸ್ತಕ ಎಂದು ಹೇಳಿಟ್ಟಿದ್ದಾನೆ. ನಾಲ್ಕೇ ಅಧ್ಯಾಯ, ಮೀನೂ ಇದೆ.