ಇಂಜೆಕ್ಟರ್ ಕೂರಿಸುವಾಗ ನಾನು ಬದಲಿಸುವ ಬೋಲ್ಟು, ವಾಷರು, ಓ-ರಿಂಗು

ಪುಣೆಯ ಹಡಪ್ಸರ್‌ನಲ್ಲಿ ಸೊಲ್ಲಾಪುರ ರಸ್ತೆಗೆ ಹೊಂದಿಕೊಂಡಿರುವ ನನ್ನ ಗ್ಯಾರೇಜಿಗೆ ವಿಜಯಪುರ, ಕಲಬುರಗಿ ಕಡೆಯ ಗಾಡಿಗಳೇ ಹೆಚ್ಚಾಗಿ ಬರುತ್ತವೆ. ಇಂಡಿಯಿಂದ ಮಾರ್ಕೆಟ್ ಯಾರ್ಡಿಗೆ ನಿಂಬೆಹಣ್ಣು ತರುವ, ನಾಲ್ಕು ಸಿಲಿಂಡರಿನ ಕಾಮನ್ ರೇಲ್ (ರೇಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವ) ಎಂಜಿನ್ನಿನ ಒಂದು ಗಾಡಿಯ, ಡೀಸೆಲ್ಲನ್ನು ಸಿಲಿಂಡರಿನೊಳಗೆ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ನಾನೇ ಬಿಚ್ಚಿ, ಟೆಸ್ಟ್ ಬೆಂಚಿಗೆ ಕಳುಹಿಸಿ, ದುರಸ್ತಿಯಾದ ಮೇಲೆ ಕೂರಿಸಿ ಕೊಟ್ಟಿದ್ದೆ. ತಿಂಗಳು ತುಂಬುವುದರೊಳಗೆ ಅದು ಮರಳಿ ಬಂತು. “ಲೋಡ್ ಇದ್ದಾಗ ಚುಸ್ ಚುಸ್ ಸಪ್ಪಳ ಬರಾಕತ್ತೈತ್ರಿ ಅಣ್ಣಾ, ಕ್ಯಾಬಿನ್ನಿನಾಗ ಹೊಗಿ ವಾಸನಿನೂ ಐತ್ರಿ” ಎಂದು ಚಾಲಕ ಹೇಳಿದಾಗಲೇ ನನಗೆ ತಪ್ಪು ಎಲ್ಲಿ ಆಗಿದೆಯೆಂಬುದು ಹೊಳೆಯಿತು. ಇಂಜೆಕ್ಟರಿನ ತಳದಲ್ಲಿ ಅನಿಲ ಸೋರದಂತೆ ತಡೆಯುವ ತಾಮ್ರದ ವಾಷರ್‌ಗಳನ್ನು ಹೊಸದಾಗಿಯೇ ಹಾಕಿದ್ದೆ. ಆದರೆ ಇಂಜೆಕ್ಟರನ್ನು ಒತ್ತಿ ಹಿಡಿಯುವ ಕ್ಲಾಂಪಿನ ಬೋಲ್ಟ್‌ಗಳು ಆ ಶನಿವಾರ ಸಿಗದಿದ್ದುದರಿಂದ ಹಳೆಯವನ್ನೇ ಬಿಗಿದಿದ್ದೆ.

ಈ ಎಂಜಿನ್ನಿನ ಕ್ಲಾಂಪ್ ಬೋಲ್ಟನ್ನು ಮೊದಲು ಕಡಿಮೆ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿದು, ಅನಂತರ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಬೋಲ್ಟ್ ಮತ್ತೆ ಮೊದಲಿನ ಉದ್ದಕ್ಕೆ ಮರಳಲಾರದಷ್ಟು ಹಿಗ್ಗುತ್ತದೆ, ಮತ್ತು ಆ ಹಿಗ್ಗಿನಲ್ಲಿಯೇ ಅದರ ಹಿಡಿತವಿರುತ್ತದೆ. ಎರಡನೆಯ ಸಲ ಅಷ್ಟೇ ಡಿಗ್ರಿ ತಿರುಗಿಸಿದರೆ ಕೈಗೆ ಬಿಗಿಯಾದಂತೆ ತೋರುತ್ತದೆ, ಆದರೆ ಕುತ್ತಿಗೆಯ ಬಳಿ ಸಣ್ಣಗಾದ ಬೋಲ್ಟ್ ಮೊದಲಿನ ಬಲದಿಂದ ಕ್ಲಾಂಪನ್ನು ಒತ್ತುವುದಿಲ್ಲ. ನಾನು ತೆಗೆದ ಬೋಲ್ಟ್‌ಗಳನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ; ನಾಲ್ಕರಲ್ಲಿ ಎರಡು ಕಣ್ಣಿಗೇ ಕಾಣುವಷ್ಟು ಉದ್ದವಾಗಿದ್ದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತಲೆಯ ಮೇಲೆ 8.8 ಎಂದು ಬರೆದಿರುವ ಬೋಲ್ಟ್ ಅಳತೆಗೆ ಸರಿಹೊಂದಿದರೂ ಹೆಚ್ಚು ಗಟ್ಟಿಯಾದ 10.9 ದರ್ಜೆಯ ಬೋಲ್ಟಿನ ಜಾಗದಲ್ಲಿ ಅದನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಸಿಲಿಂಡರಿನ ಇಂಜೆಕ್ಟರಿನ ಸುತ್ತ ಡಾಂಬರಿನಂತಹ ಕಪ್ಪು ಪದಾರ್ಥ ಗಟ್ಟಿಯಾಗಿ ಕುಳಿತಿತ್ತು. ವಾಷರಿನ ಕೆಳಗಿನಿಂದ ನುಸುಳಿದ ಉರಿಯುವ ಅನಿಲ, ದಾರಿಯಲ್ಲಿ ಸಿಕ್ಕ ಎಣ್ಣೆ ಮತ್ತು ಡೀಸೆಲ್ಲನ್ನು ಸುಟ್ಟು ಮಾಡುವ ಅಂಟು ಇದು. ಸೋರಿಕೆ ಹಳೆಯದಾದಷ್ಟೂ ಇಂಜೆಕ್ಟರ್ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ) ಅಂಟಿಕೊಳ್ಳುತ್ತ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಸುರಿದು ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ಸ್ಲೈಡ್ ಹ್ಯಾಮರಿನಿಂದ ಮೆಲ್ಲಗೆ ಎಳೆದು ತೆಗೆದೆ. ಇಂಜೆಕ್ಟರ್ ಬಂತು, ವಾಷರ್ ಬರಲಿಲ್ಲ. ಇಲ್ಲಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ: ತಳದಲ್ಲಿ ಉಳಿದ ಹಳೆಯ ವಾಷರನ್ನು ಗಮನಿಸದೆ ಅದರ ಮೇಲೆ ಹೊಸದನ್ನು ಇಟ್ಟರೆ ಇಂಜೆಕ್ಟರಿನ ತುದಿಯ ನಾಜಲ್ ಮೇಲೇರಿ, ಸಿಂಪಡಣೆ ಪಿಸ್ಟನ್ನಿನ ಗುಂಡಿಯಲ್ಲಿ ಬೀಳಬೇಕಾದ ಜಾಗದಲ್ಲಿ ಬೀಳುವುದಿಲ್ಲ. ಟಾರ್ಚ್ ಹಿಡಿದು ನೋಡಿ, ಕೊಕ್ಕೆಯಿಂದ ಅದನ್ನು ಎತ್ತಿದೆ. ಹೊಸ ವಾಷರಿನ ದಪ್ಪ ಹಳೆಯದರಷ್ಟೇ ಇದೆಯೇ ಎಂಬುದನ್ನೂ ಕ್ಯಾಲಿಪರಿನಲ್ಲಿ ಅಳೆದೇ ಮುಂದುವರಿಯುತ್ತೇನೆ. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ ಎಂಬುದು ನಿಜ, ಹಳೆಯ ಮಿಸ್ತ್ರಿಗಳು ಹಾಗೆ ಮಾಡುತ್ತಿದ್ದರು; ಆದರೆ ಒಮ್ಮೆ ಒತ್ತಿ ತೆಳುವಾದ ವಾಷರಿನ ದಪ್ಪ ಅದರಿಂದ ಮರಳುವುದಿಲ್ಲ.

ವಾಷರ್ ಕೂರುವ ಸೀಟನ್ನು ಕಟ್ಟರಿನಿಂದ ಕೈಯಲ್ಲೇ ತಿರುಗಿಸಿ, ಗ್ರೀಸಿನಲ್ಲಿ ಪುಡಿ ಅಂಟಿಕೊಳ್ಳುವಂತೆ ಮಾಡಿ ಶುಚಿಗೊಳಿಸಿದೆ. ಕ್ಲಾಂಪ್ ಬೋಲ್ಟ್ ಇಳಿಯುವ ತಳವಿರುವ ತೂತಿನಲ್ಲಿ ಎಣ್ಣೆ ನಿಂತಿತ್ತು. ಅದನ್ನು ತೆಗೆಯದಿದ್ದರೆ ಬೋಲ್ಟ್ ಎಣ್ಣೆಯನ್ನು ಒತ್ತುತ್ತದೆಯೇ ಹೊರತು ಕ್ಲಾಂಪನ್ನಲ್ಲ, ಹೆಡ್ಡಿನ ಲೋಹ ಬಿರುಕು ಬಿಡುವ ಅಪಾಯವೂ ಇರುತ್ತದೆ.

ಹೆಚ್ಚಾದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ಓ-ರಿಂಗ್‌ಗಳಿಗಾಗಿ ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠಿಗೆ ಹೋದಾಗ ಅಂಗಡಿಯವರು ಮೊದಲು ಸಾಧಾರಣ ನೈಟ್ರೈಲ್ ರಬ್ಬರಿನವನ್ನು ಕೊಟ್ಟರು. ನೈಟ್ರೈಲ್ ಸುಮಾರು 100ರಿಂದ 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಟ್ಟಿಯಾಗಿ ಬಿರಿಯುತ್ತದೆ, ವೈಟಾನ್ ಎಂಬ ಇನ್ನೊಂದು ರಬ್ಬರ್ ಸುಮಾರು 200 ಡಿಗ್ರಿಯವರೆಗೆ ತಾಳುತ್ತದೆ. ಬಣ್ಣ ನೋಡಿ ನಂಬದೆ, ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ವೈಟಾನ್ ತಂದೆ.

ಕೂರಿಸುವಾಗ ವಾಷರ್ ಜಾರದಂತೆ ಒಂದು ಚಿಟಿಕೆ ಗ್ರೀಸ್ ಹಚ್ಚಿ, ಇಂಜೆಕ್ಟರನ್ನು ಇಳಿಸಿ, ಹೈ ಪ್ರೆಶರ್ ಪೈಪನ್ನು ಮೊದಲು ಬೆರಳಿನಿಂದ ಮಾತ್ರ ತಿರುಗಿಸಿ ಇಂಜೆಕ್ಟರ್ ನೇರವಾಗಿ ನಿಲ್ಲುವಂತೆ ಮಾಡಿ, ಅನಂತರ ಹೊಸ ಕ್ಲಾಂಪ್ ಬೋಲ್ಟ್‌ಗಳನ್ನು ಟಾರ್ಕಿಗೂ ಡಿಗ್ರಿಗೂ ಬಿಗಿದು, ಪೈಪಿನ ನಟ್ಟನ್ನು ಕೊನೆಯಲ್ಲಿ ಬಿಗಿದೆ. ಪೈಪುಗಳನ್ನೂ ಬದಲಿಸಿದೆ, ಏಕೆಂದರೆ ಅವುಗಳ ಕೋನದ ತುದಿ ಒಂದೇ ಸಲ ತನ್ನ ಜಾಗಕ್ಕೆ ಹೊಂದಿಕೊಂಡು ಅಚ್ಚಾಗುತ್ತದೆ. ಎಂಜಿನ್ ಚಾಲೂ ಮಾಡಿದ ಮೇಲೆ ಸೋರಿಕೆಯನ್ನು ಕೈಯಿಂದ ಹುಡುಕಬಾರದು. ಇಂತಹ ರೇಲಿನಲ್ಲಿ ಒತ್ತಡ 1600 ಬಾರ್‌ವರೆಗೂ ಏರುತ್ತದೆ, ಕಣ್ಣಿಗೆ ಕಾಣದ ಡೀಸೆಲ್ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ದೂರದಿಂದ ರಟ್ಟಿನ ತುಂಡು ಹಿಡಿದು ನೋಡಿದೆ. ರಟ್ಟು ಒಣಗಿಯೇ ಇತ್ತು.

ಇಂಡಿಯಿಂದ ನಾಲ್ಕು ಟ್ರಿಪ್ ಆದ ಮೇಲೆ ಗಾಡಿಯನ್ನು ತರಿಸಿ ಮೇಲಿನ ಕವರ್ ತೆಗೆದು ನೋಡಿದಾಗ ನಾಲ್ಕೂ ಇಂಜೆಕ್ಟರ್‌ಗಳ ಸುತ್ತ ಲೋಹ ಸ್ವಚ್ಛವಾಗಿತ್ತು. ಬಿಚ್ಚಿದ ಕ್ಲಾಂಪ್ ಬೋಲ್ಟ್‌ಗಳನ್ನು ಈಗ ನಾನು ಡಬ್ಬಿಯಲ್ಲಿ ಕೂಡಿಡುವುದಿಲ್ಲ. ಅವಸರದ ದಿನ ಯಾರ ಕೈಗೂ ಸಿಗಬಾರದೆಂದು ಗ್ರೈಂಡರಿನಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕುತ್ತೇನೆ.